ಬೆನ್ನು ತೋರಿಸದ ಅಳಿಯ

"ನಿಂದ್ರಾಕ ಪಗಾರ ಕೊಡ್ತಾರಂತಲ್ಲ ಬೇ ಮದೀನಾಬಿ, ನಿನ್ನ ಅಳಿಯಾಗ! ಖರೇ ಏನು?"

ಕೇಳಿದವಳು ಎದುರುಮನೆಯ ಗೌರಾಬಾಯಿ. ಕೇಳಿದ್ದು ಬಬಲೇಶ್ವರದ ಸಂತೆಯ ದಿನ, ಗಾದಿ ಅಂಗಡಿಯ ಮುಂದೆ ನಾಲ್ಕು ಮಂದಿ ಗಿರಾಕಿಗಳು ನಿಂತಿರುವಾಗ. ಮದೀನಾಬಿಯ ಕೈಯಲ್ಲಿದ್ದ ದಬ್ಬಣ ಗಾದಿಯೊಳಗೆ ಅರ್ಧ ಇಳಿದು ಅಲ್ಲೇ ನಿಂತಿತು.

"ಯಾರ ಹೇಳಿದ್ರು ನಿನಗ?"

"ನನ್ನ ಮೈದುನ ಸೊಲ್ಲಾಪುರದಾಗ ಕಣ್ಣಾರೆ ನೋಡಿ ಬಂದಾನ. ಇಪ್ಪತ್ತ ಮಂದಿ ನಾಲಿಗಿ ಹೊರಗ ಚಾಚಿ ಓಡತಾರಂತ. ನಿನ್ನ ಅಳಿಯ ಎರಡ ಕಂಬದ ನಡುವ ಸುಮ್ಮನ ನಿಂತಿರತಾನಂತ. ಬಾಗಲಾ ಇಲ್ಲ, ಗ್ವಾಡಿ ಇಲ್ಲ, ಬರೇ ಚೌಕಟ್ಟು. ಅದನ್ನ ಕಾಯತಾನಂತ! ಕಳ್ಳರ ಬಂದ್ರ ಒಯ್ಯಾಕಾದ್ರೂ ಏನೈತಿ ಅದರಾಗ?"

ಗಿರಾಕಿಗಳು ನಕ್ಕರು. ಒಳಗೆ ಕೂಸಿಗೆ ಹಾಲು ಕುಡಿಸುತ್ತಿದ್ದ ಮಗಳು ಶಹಜಾದಿ ಮಾತ್ರ ನಗಲಿಲ್ಲ. ಮದೀನಾಬಿಯ ಮುಖಕ್ಕೆ ರಕ್ತ ಏರಿತು. ಹದಿನೈದು ವರ್ಷದಿಂದ, ಗಂಡ ತೀರಿಕೊಂಡಾಗಿನಿಂದ, ಈ ಅಂಗಡಿಯನ್ನು ಅವಳೊಬ್ಬಳೇ ನಡೆಸಿದವಳು. ಅರಳೆ ಹಿಂಜಿ ಹಿಂಜಿ ಕೈಗಳು ಜಡ್ಡುಗಟ್ಟಿದ್ದವು. ಅವಳ ಗಾದಿಯ ಮೇಲೆ ಮಲಗದ ಮದುಮಗಳು ಆ ಸೀಮೆಯಲ್ಲಿ ಇರಲಿಲ್ಲ. ಅಂಥವಳ ಅಳಿಯ... ನಿಂತು ಸಂಬಳ ತರುತ್ತಾನೆ!

ಅಳಿಯನ ಹೆಸರು ನಿಜಾಮುದ್ದೀನ. ಟಿಕೋಟಾದವನು. ಆ ಊರಿಗೆ ಕಲ್ಲಂಗಡಿಯ ಲಾರಿ ಬಂದಾಗ ಮೇಲಿನವರು ಒಗೆಯುವ ಹಣ್ಣನ್ನು ಕೆಳಗೆ ನಿಂತು ಹಿಡಿಯುವುದು ಅವನ ಹರೆಯದ ಕೆಲಸ. ಒಡೆದರೆ ಆ ದಿನದ ಕೂಲಿ ಇಲ್ಲ. ನಿಜಾಮುದ್ದೀನ ಆರು ವರ್ಷದಲ್ಲಿ ಒಂದೇ ಒಂದು ಹಣ್ಣು ಒಡೆದಿದ್ದ, ಅದೂ ಕಣ್ಣಿಗೆ ಧೂಳು ಬಿದ್ದಿತ್ತಂತೆ. ದಾರಿಯಲ್ಲಿ ಹೋಗುತ್ತಿದ್ದ ಸೊಲ್ಲಾಪುರದ ಗುಲಮೊಹರ ಮಿಲ್ಲಿನ ಸಾಹೇಬನೊಬ್ಬ ಜೀಪು ನಿಲ್ಲಿಸಿ, ಒಂದು ತಾಸು ಅದನ್ನೇ ನೋಡಿ, ಹುಡುಗನನ್ನು ಕರೆದುಕೊಂಡೇ ಹೋದ. ಮಿಲ್ಲಿಗೊಂದು ಫುಟ್‌ಬಾಲ್ ತಂಡವಿತ್ತು. ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿತ್ತು. ಮೇಲೇರುವ ಯೋಗ ಅದಕ್ಕಿರಲಿಲ್ಲ, ಕೆಳಗಿಳಿಯುವ ಭಯ ಮಾತ್ರ ಪ್ರತಿ ವರ್ಷ ಇರುತ್ತಿತ್ತು. ಆ ತಂಡದ ಕಂಬಗಳ ನಡುವೆ ನಿಜಾಮುದ್ದೀನನ ಹನ್ನೆರಡು ವರ್ಷ ಕಳೆಯಿತು. ಸಂಬಳದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ಗೋದಾಮು ಕಾವಲು' ಎಂದಿತ್ತು. ಮದುವೆಯ ಮಾತುಕತೆಯಲ್ಲಿ ಮದೀನಾಬಿಗೆ ಹೇಳಿದ್ದೂ ಅದನ್ನೇ. ಚೆಂಡಾಟವೆಂದರೆ ರಜೆಯ ದಿನದ ಚಟವಿರಬೇಕು ಎಂದು ಅವಳು ತಿಳಿದಿದ್ದಳು. ಚಟವೇ ನೌಕರಿ, ನೌಕರಿಯೇ ಚಟ ಎಂದು ಗೊತ್ತಾದದ್ದು ಈ ಸಂತೆಯ ದಿನ.

ಇಲ್ಲೊಂದು ಮಾತು ಹೇಳಬೇಕು. ಅವರ ಮನೆತನದಲ್ಲಿ ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವ ರಿವಾಜಿಲ್ಲ. ಸೆರಗು ಮುಂದಕ್ಕೆಳೆದು ಬಾಗಿಲಿಗೋ ಬಿಂದಿಗೆಗೋ ಹೇಳಬೇಕು. ಅಳಿಯನೂ ಹಾಗೇ ಉತ್ತರ ಕೊಡಬೇಕು. ಅದಕ್ಕಿಂತ ದೊಡ್ಡ ರಿವಾಜೆಂದರೆ ಅಳಿಯ ಅತ್ತೆಗೆ ಬೆನ್ನು ತೋರಿಸಬಾರದು. ಮದುವೆಯಾಗಿ ನಾಲ್ಕು ವರ್ಷ, ನಿಜಾಮುದ್ದೀನ ಮದೀನಾಬಿಯ ಮನೆಯಿಂದ ಹೊರಟಾಗಲೆಲ್ಲ ಹಿಂದು ಹಿಂದಕ್ಕೇ ಹೆಜ್ಜೆಯಿಟ್ಟು ಹೋದವನು. ಹೀಗೆ ಹೋಗುವಾಗ ಒಮ್ಮೆ ಕೋಳಿಯ ಬುಟ್ಟಿಯ ಮೇಲೆ ಕೂತ, ಇನ್ನೊಮ್ಮೆ ಹಿತ್ತಲ ನೀರಿನ ಹೌದಿಗೇ ಬಿದ್ದ. ಬಿದ್ದಲ್ಲಿಂದಲೇ ಸಲಾಮು ಮಾಡಿದ. ಬೆನ್ನು ಮಾತ್ರ ತೋರಿಸಲಿಲ್ಲ.

ಮಗಳು ಟಿಕೋಟಾದ ಗಂಡನ ಮನೆಯಿಂದ ಹೆರಿಗೆಗೆಂದು ಬಂದು ಹದಿನಾಲ್ಕು ತಿಂಗಳಾಗಿತ್ತು. ಮೊಮ್ಮಗಳು ನಜಮಾ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮದೀನಾಬಿ ಮಗಳನ್ನು ಕಳಿಸಿರಲಿಲ್ಲ. ಸೊಲ್ಲಾಪುರದಲ್ಲಿ ಎಂಟು ಆಟಗಾರರಿಗೆ ಒಂದು ಖೋಲಿ, ಒಂದು ಸ್ಟೋವು. ಅಲ್ಲಿ ಹೆಂಡತಿ ಎಲ್ಲಿರಬೇಕು, ಕೂಸಿನ ತೊಟ್ಟಿಲು ಎಲ್ಲಿ ಕಟ್ಟಬೇಕು? 'ಖೋಲಿ ಸಿಗಲಿ, ಮಗಳ ಬರತಾಳ' ಎಂದು ಬಾಗಿಲಿಗೆ ಹೇಳಿ ಅಳಿಯನನ್ನು ಮೂರು ಸಲ ಬರಿಗೈಯಲ್ಲಿ ಕಳಿಸಿದ್ದಳು. ಮಾತು ನ್ಯಾಯದ್ದೇ. ಆದರೆ ರಾತ್ರಿ ಮೊಮ್ಮಗಳು ತನ್ನ ಮೊಳಕೈ ಮೇಲೆ ತಲೆಯಿಟ್ಟು ಮಲಗಿದಾಗ, ಖೋಲಿ ಸಿಗದಿದ್ದರೇ ಚೆಂದ ಎಂದೂ ಅವಳಿಗೆ ಅನ್ನಿಸುತ್ತಿತ್ತು... ಅದನ್ನು ಅವಳು ಬಿಂದಿಗೆಗೂ ಹೇಳಿರಲಿಲ್ಲ.

ಅದೇ ವಾರ ನಿಜಾಮುದ್ದೀನನ ಕಾರ್ಡು ಬಂತು. ಶಹಜಾದಿ ಓದಿದಳು. ಬರುವ ರವಿವಾರ ವಿಜಾಪುರದ ಮೈದಾನದಲ್ಲಿ ಮಿರಜಿನವರ ಜೊತೆ ಲೀಗಿನ ಕಡೆಯ ಆಟ. ಸೋಲದೆ ಉಳಿದರೆ ತಂಡ ಎರಡನೇ ದರ್ಜೆಯಲ್ಲೇ ಉಳಿಯುತ್ತದೆ, ತನ್ನ ನೌಕರಿ ಕಾಯಂ ಆಗುತ್ತದೆ, ಖೋಲಿಯೂ ಸಿಗುತ್ತದೆ. ಸೋತರೆ ಮೂವತ್ನಾಲ್ಕು ವಯಸ್ಸಿನವನನ್ನು ಇನ್ನು ಇಟ್ಟುಕೊಳ್ಳುವುದಿಲ್ಲವಂತೆ. 'ನೀವೆಲ್ಲರೂ ಬಂದು ನೋಡಬೇಕು.'

"ನೋಡೂಣ, ಹೋಗೂಣ," ಎಂದಳು ಮದೀನಾಬಿ ದಾರ ಕಡಿಯುತ್ತ. "ನೋಡಿ ಅಲ್ಲೇ ಹೇಳಿ ಬರತೇನಿ. ಚೆಂಡ ಬೇಕೋ, ಹೆಂಡತಿ ಬೇಕೋ? ಹೆಂಡತಿ ಬೇಕಂದ್ರ ಬಂದ ಅಂಗಡ್ಯಾಗ ಕುಂತ ಗಾದಿ ಹೊಲೀಲಿ."

"ಯವ್ವಾ! ಹನ್ನೆರಡ ವರ್ಷದ ಕೆಲಸ ಅದು..."

"ನಿಂದ್ರೂದು ಕೆಲಸಲ್ಲ ಶಹಜಾದಿ. ನಿಂದ್ರೂದು ಕೆಲಸ ಆಗಿದ್ರ ನಮ್ಮ ಹಿತ್ತಲದ ಬೇವಿನ ಗಿಡಕ್ಕ ಇಷ್ಟೊತ್ತಿಗೆ ಪಿಂಚಣಿ ಬರತಿತ್ತು!"

"ನೀ ಅವರ ಬಲಸೊಂಟ ನೋಡೀಯೇನ? ಆ ಮಗ್ಗಲಾ ಮಲಗಾಕ ಬರೂದಿಲ್ಲ ಅವರಿಗೆ. ನಾಲ್ಕ ವರ್ಷ ಆತು... ನಾ ನೋಡಾಕತ್ತೇನಿ!" ಎಂದಳು ಶಹಜಾದಿ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಮದೀನಾಬಿ ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅಳಿಯನ ಸೊಂಟದ ಸುದ್ದಿ ಅತ್ತೆಗೆ ಯಾಕೆ ಬೇಕು!

ರವಿವಾರ ಮದೀನಾಬಿ, ಶಹಜಾದಿ, ಕಂಕುಳಲ್ಲಿ ನಜಮಾ, ಜೊತೆಗೆ 'ನಾನೂ ನೋಡಬೇಕಲ್ಲ ಆ ಚೌಕಟ್ಟ' ಎಂದು ಗಂಟುಬಿದ್ದ ಗೌರಾಬಾಯಿ, ಎಲ್ಲರೂ ಬಸ್ಸು ಹಿಡಿದು ವಿಜಾಪುರಕ್ಕೆ ಬಂದರು. ಕೋಟೆಯ ಗೋಡೆಯ ಪಕ್ಕದ ಗರಸು ಮಣ್ಣಿನ ಮೈದಾನ. ಸುತ್ತ ಗಂಡಸರು ಕಿಕ್ಕಿರಿದಿದ್ದರು. ಒಂದೇ ಒಂದು ಕಡೆ ಜಾಗ ಖಾಲಿ, ಮೇಲೆ ಬೇವಿನ ನೆರಳು ಬೇರೆ. ಹೆಂಗಸರು ನೆಟ್ಟಗೆ ಅಲ್ಲಿಗೆ ಹೋಗಿ, ಕೂಡಲೆಂದು ತಂದಿದ್ದ ಸಣ್ಣ ಗಾದಿ ಹಾಸಿ ಕೂತರು. ಅದು ಗೋಲಿನ ಬಲೆಯ ಹಿಂದಿನ ಜಾಗ ಎಂದು ಅವರಿಗೆ ಹೇಳುವವರು ಯಾರು?

ಎದುರಿಗೇ, ನಾಲ್ಕು ಮಾರು ದೂರದಲ್ಲಿ, ಹಸಿರು ಅಂಗಿಯ ಬೆನ್ನೊಂದು ಕಂಡಿತು.

"ಅಯ್ಯ ಮದೀನಾಬಿ, ನಿನ್ನ ಅಳಿಯನೇ!" ಎಂದಳು ಗೌರಾಬಾಯಿ. "ಖರೇನೇ ನಿಂತಾನ ನೋಡು!"

ಮದೀನಾಬಿ ಕೆಮ್ಮಿದಳು. ಅಳಿಯನಿಗೆ ತಾನು ಬಂದದ್ದನ್ನು ತಿಳಿಸಲು ಅವಳು ಮನೆಯಲ್ಲಿ ಕೆಮ್ಮುವ ಕೆಮ್ಮು ಅದು. ಆಟ ಶುರುವಾಗಿ ಹತ್ತು ನಿಮಿಷವಾಗಿತ್ತು. ಹಸಿರು ಬೆನ್ನು ಬರೆ ಬಿದ್ದಂತೆ ಬೆಚ್ಚಿ ಗಕ್ಕನೆ ತಿರುಗಿತು. ನಿಜಾಮುದ್ದೀನ ಬಾಗಿ, ಹಣೆಗೆ ಕೈ ಹಚ್ಚಿ ಸಲಾಮು ಮಾಡಿದ. ಮಾಡಿದ ಮೇಲೆ ಬಂದದ್ದು ಸಂಕಟ. ಆ ಕಡೆ ತಿರುಗಿದರೆ ಅತ್ತೆಗೆ ಬೆನ್ನು, ಈ ಕಡೆ ನಿಂತರೆ ಚೆಂಡಿಗೆ ಬೆನ್ನು! ಕಡೆಗೆ ಏಡಿಯ ಹಾಗೆ ಅಡ್ಡಡ್ಡ ನಿಂತ. ಒಂದು ಕಣ್ಣು ಚೆಂಡಿನ ಮೇಲೆ, ಒಂದು ಕಣ್ಣು ಅತ್ತೆಯ ಕಡೆ.

ಮದೀನಾಬಿ ಸೆರಗು ಎಳೆದುಕೊಂಡು ಗೋಲಿನ ಕಂಬಕ್ಕೆ ಹೇಳಿದಳು: "ಏ ಕಂಬಣ್ಣಾ, ನಿನ್ನ ಬಾಜೂಕ ನಿಂತಾನಲ್ಲ, ಅವಗ ಹೇಳು. ಹದಿನಾಲ್ಕ ತಿಂಗಳ ದಾರಿ ನೋಡೇವಿ."

"ಕಂಬಣ್ಣಾ, ಯವ್ವಾರಿಗೆ ಹೇಳು," ಎಂದ ನಿಜಾಮುದ್ದೀನ ಅಡ್ಡಡ್ಡವಾಗಿಯೇ. "ಇವತ್ತೊಂದ ದಿನ. ಖೋಲಿ ಸಿಗತೈತಿ."

"ಖೋಲಿ ಬ್ಯಾಡ ಅನ್ನು. ಈ ನಿಂದ್ರೂ ಕೆಲಸಾ ಬಿಟ್ಟ ಅಂಗಡಿಗೆ ಬಾ ಅನ್ನು."

"ಎರಡ ನಿಮಿಷ ತಡೀರಿ ಅನ್ನು ಕಂಬಣ್ಣಾ, ಚೆಂಡ ಬರಾಕತ್ತೈತಿ!"

"ಬರಲಿ! ಬಂದ್ರ ಬಂತು! ಇಲ್ಲೇ, ಈಗ, ನನ್ನ ಮುಂದ ಹೇಳಬೇಕು... ಚೆಂಡ ಬೇಕೋ, ಹೆಂಡತಿ ಬೇಕೋ!"

ದನಿ ಎಷ್ಟು ಎತ್ತರಕ್ಕೆ ಹೋಯಿತೆಂದರೆ ಮೈದಾನದ ಆಚೆಯ ಜನವೂ ಇತ್ತ ನೋಡಿದರು. ನಿಜಾಮುದ್ದೀನನಿಗೆ ತಡೆಯಲಾಗಲಿಲ್ಲ. ಪೂರ್ತಿ ಈ ಕಡೆ ತಿರುಗಿ, ಎರಡೂ ಕೈ ಜೋಡಿಸಿ, "ಯವ್ವಾ..." ಎಂದ. ಅಷ್ಟೇ! ಅವನ ಕಿವಿಯ ಪಕ್ಕದಿಂದ ಚೆಂಡು ಸುಂಯ್ಯೆಂದು ಬಂದು ಬಲೆಗೆ ಬಡಿಯಿತು. ಬಲೆ ಉಬ್ಬಿತು. ಉಬ್ಬಿದ ಬಲೆಯೊಳಗಿನ ಚೆಂಡು ಮದೀನಾಬಿಯ ಮೂಗಿನ ತುದಿಗೆ ತಾಗಿ ಕೆಳಗೆ ಬಿತ್ತು.

"ಯಾರಲೇ ಅದು, ದೊಡ್ಡವರ ಮಾತಾಡೂಮುಂದ ಚೆಂಡ ಒಗೆಯೋರು!" ಎಂದು ಮದೀನಾಬಿ ಚೀರಿದಳು. ಮೈದಾನವೆಲ್ಲ ಹೋ ಎಂದು ನಕ್ಕಿತು, ಸೀಟಿ ಹೊಡೆಯಿತು. ನಿಜಾಮುದ್ದೀನ ಮಾತ್ರ ಚೆಂಡನ್ನು ಎತ್ತಿಕೊಂಡು, ಕೂಸನ್ನು ನೋಡುವ ಹಾಗೆ ಅದನ್ನೇ ನೋಡುತ್ತ ನಿಂತುಬಿಟ್ಟ.

ಅರ್ಧ ಆಟ ಮುಗಿಯುವವರೆಗೂ ಶಹಜಾದಿ ತುಟಿ ಕಚ್ಚಿ ಕೂತಿದ್ದಳು. ಸೀಟಿ ಊದಿದ್ದೇ ತಡ, ಕಟ್ಟೆ ಒಡೆಯಿತು.

"ಯವ್ವಾ, ನಿನಗ ಬೆನ್ನ ಹಾಕಬಾರದಂತ ಆ ಮನಶ್ಯಾ ಚೆಂಡಿಗೆ ಬೆನ್ನ ಹಾಕ್ಯಾನ! ಹನ್ನೆರಡ ವರ್ಷದಾಗ ಚೆಂಡಿಗೆ ಬೆನ್ನ ಹಾಕಿದ್ದು ಇದ ಒಂದ ಸಲ... ನಿನ್ನ ಸಲುವಾಗಿ! ಸೋತ್ರ ಅವರ ಅನ್ನ ಹೋತು. ನೀ ಬಾಳೇವು ಮಾಡಸಾಕ ಬಂದಿಯೋ, ಮುರಿಯಾಕ ಬಂದಿಯೋ?"

ಮದೀನಾಬಿ ಮಗಳನ್ನು ನೋಡಿದಳು. ಸಂಜೆಗತ್ತಲಲ್ಲಿ ಒಂದು ಹಿಡಿ ಅರಳೆ ಕಡಿಮೆ ತುಂಬಿದ್ದರೆ ಮಾರನೆಯ ದಿನ ಗಿರಾಕಿಯ ಮನೆಗೆ ತಾನೇ ಹೋಗಿ ಗಾದಿ ಬಿಚ್ಚಿ ತುಂಬಿ ಬರುವವಳು ಅವಳು. ಈ ಸಲ ಕಡಿಮೆ ಬಿದ್ದದ್ದು ಅಳಿಯನ ಅನ್ನಕ್ಕೆ. ನಿಜಾಮುದ್ದೀನ ಆಚೆಯ ಕಂಬಗಳತ್ತ ಹೋಗುತ್ತಿರುವುದನ್ನು ನೋಡಿ ಅವಳು ಎದ್ದು ಗಾದಿ ಸುತ್ತಿದಳು.

"ನಡೀರಿ."

"ಮನೀಗೇನ ಬೇ?" ಎಂದಳು ಗೌರಾಬಾಯಿ, ಶೇಂಗಾ ಪುಡಿಕೆ ಇನ್ನೂ ಮುಗಿದಿರಲಿಲ್ಲ.

"ಆ ಕಡೆ ಕಂಬಕ್ಕ. ಅಂವ ಈಗ ಅಲ್ಲಿ ನಿಂದ್ರತಾನ."

"ಮತ್ತ ಬಲಿ ಹಿಂದ? ದೂರ ಕುಂಡ್ರೂಣ ಬಾ ಬೇ!"

"ದೂರ ಕುಂತ್ರ, ಅತ್ತಿ ಸಿಟ್ಟಾಗಿ ಹೋದ್ಲು ಅಂತ ಅವನ ಜೀವ ನನ್ನ ಹಿಂದ ಬರತೈತಿ. ಚೆಂಡ ಹಿಡಿಯೋರ ಯಾರ?"

ಆಚೆಯ ಗೋಲಿನ ಹಿಂದೆ ಮದೀನಾಬಿ ಗಾದಿ ಹಾಸಿದಳು. ಹಾಸಿ, ಮೈದಾನಕ್ಕೆ ಬೆನ್ನು ಕೊಟ್ಟು, ಕೋಟೆಯ ಗೋಡೆಗೆ ಮುಖ ಮಾಡಿ ಕೂತಳು. ಕೂತಲ್ಲಿಂದಲೇ ಹಿಂದಿನ ಕಂಬಕ್ಕೆ ಹೇಳಿದಳು: "ಕಂಬಣ್ಣಾ, ನಾನ ಮೊದಲ ಬೆನ್ನ ಹಾಕೇನಿ. ಇನ್ನ ಅವಂದೇನ ತಪ್ಪಿಲ್ಲ ಅನ್ನು. ಸಲಾಮಿಲ್ಲ, ಕಲಾಮಿಲ್ಲ. ಅವನ ಕೆಲಸಾ ಅಂವ ಮಾಡಲಿ."

ಕಂಬದ ಕಡೆಯಿಂದ ಮೂಗೆಳೆದ ಸದ್ದೊಂದು ಕೇಳಿಸಿತು.

ಹೀಗೆ, ವಿಜಾಪುರದ ಸಾವಿರ ಮಂದಿ ಆಟ ನೋಡಿದರೆ, ಮದೀನಾಬಿ ಆಟ ಕೇಳಿದಳು. ಗೌರಾಬಾಯಿ ಕಣ್ಣಿಗೆ ಕಂಡದ್ದನ್ನು ಕಂಡಂತೆ ಒದರುತ್ತಿದ್ದಳು: "ಕರೀ ಚಣ್ಣದಾಂವ ಬಂದ... ಬೋಳತಲಿಯಾಂವ ಅಡ್ಡ ಬಿದ್ದ... ಸೀಟಿಯಾಂವ ಸುಮ್ಮನ ಊದತಾನ ಬೇ, ಅವಗೇನ ಕೆಲಸಿಲ್ಲ!" ಆದರೆ ಮದೀನಾಬಿಯ ಕಿವಿ ಬೇರೊಂದು ಸದ್ದಿನ ಮೇಲಿತ್ತು. ಧಡ್! ಅರಳೆಯ ಮೂಟೆ ಬಿದ್ದರೆ ಬರುವ ಸದ್ದು ಅವಳಿಗೆ ಗೊತ್ತು. ಗಾದಿಯ ಮೇಲೆ ಮನುಷ್ಯ ಬಿದ್ದ ಸದ್ದೂ ಗೊತ್ತು. ಇದು ಅರಳೆಯೇ ಇಲ್ಲದ ಸದ್ದು. ಬರಿಯ ಎಲುಬು, ಬರಿಯ ಗರಸು. ಧಡ್... ಮತ್ತೆ ಧಡ್! ಪ್ರತಿ ಸಲವೂ ಅದು ಅವಳ ಎಡಗಿವಿಗೇ ಕೇಳುತ್ತಿತ್ತು. ತಾನು ಆ ಕಡೆ ಮುಖ, ಅವನು ಈ ಕಡೆ. ತನ್ನ ಎಡ ಅಂದರೆ ಅವನ ಬಲ. ಬಲಸೊಂಟ... ಮಗಳು ಹೇಳಿದ್ದಳಲ್ಲ!

"ನಿಂದ್ರೂ ಕೆಲಸ ಅಂದೆಲ್ಲ ಗೌರಾ?" ಎಂದಳು ಮದೀನಾಬಿ ಗೋಡೆಯನ್ನು ನೋಡುತ್ತ. "ಏಳು ಸಲ ಬಿದ್ದ. ಎಣಿಸೇನಿ. ಎಂಟನೇದೂ ಬಿದ್ದ ನೋಡು. ಇದು ಬೀಳೂ ಕೆಲಸ."

ಒಮ್ಮೆಲೇ ಮೈದಾನ ನಿಶ್ಶಬ್ದವಾಯಿತು.

"ಏನಾತು? ಹೇಳ ಬೇ!"

"ಎಲ್ಲಾರನೂ ದೂರ ಸರಿಸ್ಯಾರ. ಒಬ್ಬ ದಾಂಡಿಗನ ಮುಂದ ಚೆಂಡ ಇಟ್ಟಾರ. ನಿನ್ನ ಅಳಿಯ ಒಬ್ಬನ ನಿಂತಾನ."

"ಎಷ್ಟ ದೂರ?"

"ನಿನ್ನ ಅಂಗಡಿಯಿಂದ ನಮ್ಮ ಹೊಸ್ತಿಲದಷ್ಟು."

"ಅಷ್ಟ ಹತ್ತಿರದಿಂದ? ಒಬ್ಬನ್ನ ನಿಂದ್ರಸಿ? ಇದ್ಯಾವ ನ್ಯಾಯ!"

ಶಹಜಾದಿ ಕೂಸನ್ನು ಅವುಚಿಕೊಂಡು ಕಣ್ಣು ಮುಚ್ಚಿದ್ದಳು. ಅಳಿಯ ಹಿಂದಕ್ಕೊಮ್ಮೆ ನೋಡಿಬಿಟ್ಟರೆ? ಸಲಾಮಿನ ಚಟ ಕೈಬಿಡದಿದ್ದರೆ? ಮದೀನಾಬಿಗೆ ಕಂಬಣ್ಣ ಮರೆತುಹೋದ. ರಿವಾಜು ಮರೆತುಹೋಯಿತು. ಕೋಟೆಯ ಗೋಡೆಗೆ ಬಡಿದು ಮರುದನಿ ಬರುವಂತೆ ಅವಳು ಕೂಗಿದಳು:

"ನಿಜಾಮುದ್ದೀನಾ! ನನ್ನ ನೋಡಬ್ಯಾಡೋ! ಚೆಂಡ ನೋಡು!"

ನಾಲ್ಕು ವರ್ಷದಲ್ಲಿ ಮೊದಲ ಸಲ ಅತ್ತೆಯ ಬಾಯಲ್ಲಿ ಅಳಿಯನ ಹೆಸರು!

ಒದ್ದ ಸದ್ದು ಕೇಳಿತು. ಆಮೇಲೆ... ಧಡ್! ಈ ಸಲ ಬಲಗಿವಿಗೆ.

"ಒಳಗ ಬಂತೇನ?" ಎಂದಳು ಮದೀನಾಬಿ, ತಿರುಗದೆ.

"ಇಲ್ಲಾ ಬೇ! ಚೆಂಡ ಅಪ್ಪಿಕೊಂಡ ಮಲಗ್ಯಾನ! ಕೂಸಿನ ಹಂಗ!"

ಪಕ್ಕದಲ್ಲಿ ಶಹಜಾದಿ ಅತ್ತಳು. ಬಿಕ್ಕಿ ಬಿಕ್ಕಿ, ನಗುತ್ತ ಅತ್ತಳು. ಆ ಅಳು ಮದೀನಾಬಿಗೆ ಗುರುತೇ ಹತ್ತಲಿಲ್ಲ. ಹದಿನಾಲ್ಕು ತಿಂಗಳು ಮನೆಯಲ್ಲಿದ್ದ ಮಗಳು ಒಂದು ದಿನವೂ ಹೀಗೆ ಅತ್ತಿರಲಿಲ್ಲ.

ಕಡೆಯ ಸೀಟಿ ಊದಿದಾಗ ಮದೀನಾಬಿ ಎದ್ದು ಸೆರಗು ಝಾಡಿಸಿ, "ಗೆದ್ದಿವಿ ನಡೀರಿ!" ಎಂದಳು.

"ಸೋತೀವಿ ಯವ್ವಾ," ಎಂದಳು ಶಹಜಾದಿ. "ಒಂದ ಚೆಂಡ ಒಳಗ ಹೋಗಿತ್ತಲ್ಲ... ನಿನ್ನ ಮೂಗಿಗೆ ತಾಗಿದ್ದು."

ತಂಡದ ಮ್ಯಾನೇಜರ ಶಿವಯೋಗೆಪ್ಪ ಬೇವಿನ ಬುಡದಲ್ಲಿ ತಗಡಿನ ಕುರ್ಚಿಯ ಮೇಲೆ ಕೂತು, ಮೊಳಕಾಲ ಮೇಲೆ ಕಾಗದವಿಟ್ಟುಕೊಂಡು ಮಾಲಕರಿಗೆ ವರದಿ ಬರೆಯುತ್ತಿದ್ದ. ಎದುರಿಗೆ ನಿಜಾಮುದ್ದೀನ ತಲೆ ತಗ್ಗಿಸಿ ನಿಂತಿದ್ದ. ಅಂಗಿ ಬಲಪಕ್ಕೆಯಿಂದ ಬೆನ್ನಿನವರೆಗೂ ಹರಿದಿತ್ತು. ಅತ್ತೆ ಬರುವುದನ್ನು ಕಂಡು ಥಟ್ಟನೆ ಎದುರಾಗಿ ತಿರುಗಿ ಸಲಾಮು ಮಾಡಿದ.

"ಸಾಹೇಬ್ರ, ಆ ಗೋಲ ನಂದು," ಎಂದಳು ಮದೀನಾಬಿ. "ನನ್ನ ಹೆಸರಿಗೆ ಬರಕೋರಿ. ಮದೀನಾಬಿ, ಗಾದಿ ಅಂಗಡಿ, ಬಬಲೇಶ್ವರ."

"ಆಟದ ನಿಯಮದಾಗ ಅತ್ತಿ ಅಂತ ಎಲ್ಲೂ ಇಲ್ಲ ಬಾಯಾರ."

"ಇಲ್ಲದಿದ್ರ ಬರೀರಿ! ನೋಡ್ರಿ ಮೂಗ ಇನ್ನೂ ಕೆಂಪೈತಿ. ಬ್ಯಾರೆ ಸಾಕ್ಷಿ ಏನ ಬೇಕು?"

ಶಿವಯೋಗೆಪ್ಪ ಪೆನ್ನು ಕೆಳಗಿಟ್ಟ. "ಒಂದ ಕೇಳತೇನಿ. ಆಟ ಬಿಟ್ಟ ಅಂಗಡ್ಯಾಗ ಕುಂಡ್ರು ಅಂತ ನೀವ ಕೂಗಿದ್ದು ಇಡೀ ಊರ ಕೇಳೈತಿ. ಈಗ ನಾನ ಬಿಡಸಾಕತ್ತೇನಿ. ನಿಮ್ಮ ಅಳಿಯ ನಿಮಗ, ನಿಮ್ಮ ಮಗಳ ನಿಮಗ. ನೀವ ಸುಮ್ಮನಿದ್ರ ಆತಲ್ಲ?"

ಹೌದಲ್ಲ ಎಂದುಕೊಂಡಳು ಮದೀನಾಬಿ. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು. ಅಂಗಡಿಯಲ್ಲಿ ಅಳಿಯ, ಒಲೆಯ ಮುಂದೆ ಮಗಳು, ಮೊಳಕೈ ಮೇಲೆ ಮೊಮ್ಮಗಳ ತಲೆ... ಬೇಡಿ ಬಂದದ್ದೆಲ್ಲ ತಾನಾಗಿಯೇ ಕೈಗೆ ಬಂದಿತ್ತು. ಅವಳು ಒಮ್ಮೆ ನಜಮಾಳನ್ನು ನೋಡಿದಳು. ಕೂಸು ಅಪ್ಪನ ಹರಿದ ಅಂಗಿಯ ತುದಿ ಹಿಡಿದು ನಿಂತಿತ್ತು, ಗೋಡೆ ಹಿಡಿದು ನಿಲ್ಲುವ ಹಾಗೆ.

"ಬ್ಯಾಡ್ರಿ..." ಎಂದಳು. "ಅಂವ ನನ್ನ ಅಂಗಡ್ಯಾಗ ಕುಂತ್ರ ಗಾದಿ ಹೊಲೀತಾನ್ರಿ, ಹೊಲಿಯೂದಿಲ್ಲ ಅನ್ನಾಂವಲ್ಲ. ಆದ್ರ ಅಂವ ಆ ಚೆಂಡ ಹಿಡದಾಗ ನನ್ನ ಮಗಳ ಅತ್ತಿದ್ದು ಕೇಳೇನ್ರಿ ನಾ. ಹಂತಾ ಅಳು ನನ್ನ ಮನ್ಯಾಗ ಹುಟ್ಟೂದಿಲ್ಲ. ತಪ್ಪ ಮಾಡಿದಾಕಿ ನಾನು. ಮರ್ಯಾದಿ ಕೊಟ್ಟಾವಗ ಶಿಕ್ಷಾ ಕೊಡಬ್ಯಾಡ್ರಿ ಯಪ್ಪಾ!"

ಶಿವಯೋಗೆಪ್ಪ ಆಚೀಚೆ ಮಿಲ್ಲಿನವರು ಬೇರೆ ಯಾರಿಲ್ಲವೆಂದು ನೋಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದ: "ನಮ್ಮ ಅತ್ತಿನೂ ಬಂದಾರ್ರಿ ಮನೀಗೆ. ಹನ್ನೊಂದ ತಿಂಗಳಾತು. ಅವರ ಕೆಮ್ಮಿದ್ರ ನಾನೂ ಕುರ್ಚಿ ಬಿಟ್ಟ ಏಳತೇನಿ. ಆ ಚೆಂಡ ನನಗೂ ಹಿಡಿಯಾಕ ಆಗತಿದ್ದಿಲ್ಲ."

ಅವನು ಬರೆದ. ಬರೆದದ್ದನ್ನು ಓದಿ ಹೇಳಿದ: ಗೋಲು ಬಿದ್ದದ್ದು ಹಿರಿಯರಿಗೆ ಮರ್ಯಾದೆ ಕೊಡುವ ಸಮಯದಲ್ಲಿ, ನಂತರ ಈ ಆಟಗಾರ ಒಂದು ಪೆನಾಲ್ಟಿ ಹಿಡಿದಿದ್ದಾನೆ, ಕಾಯಂ ಮಾಡಲು ಶಿಫಾರಸು. "ಮಾಲಕರಿಗೂ ಇಬ್ಬರ ಅತ್ತೇರು. ಸಹಿ ಮಾಡ್ತಾರ. ತಂಡ ಮೂರನೇ ದರ್ಜೆಗೆ ಇಳಿಯೂದ ಇಳೀತು, ಅಲ್ಲಿಯೂ ಕಂಬದ ನಡುವ ಒಬ್ಬಾಂವ ಬೇಕಲ್ಲ. ಖೋಲಿ ಮಾತ್ರ ಗೋದಾಮಿನ ಹಿಂದಿಂದು. ಅರ್ಧ ಅರಳಿ ತುಂಬ್ಯಾರ, ತಗಸಬೇಕು."

"ಅರಳಿ ಯಾಕ ತಗಸತೀರಿ!" ಎಂದಳು ಮದೀನಾಬಿ, ಕಣ್ಣೊರೆಸಿಕೊಳ್ಳುತ್ತಲೇ. "ಇರಲಿ ಬಿಡ್ರಿ. ಬಂದ ನೋಡತೇನಿ."

"ಒಂದ ಷರತ್ತ ಐತಿ. ನೀವ ಮೈದಾನಕ್ಕ ಬರೂಹಂಗಿಲ್ಲ."

"ಬಂದ್ರ ಬೆನ್ನ ಹಾಕಿ ಕುಂಡ್ರತೇನಿ," ಎಂದಳು ಮದೀನಾಬಿ. ಅದಕ್ಕಿಂತ ಕೆಳಗೆ ಅವಳು ಇಳಿಯಲಿಲ್ಲ.

ಮಿಲ್ಲಿನ ಟ್ರಕ್ಕು ಹಾರ್ನು ಹೊಡೆಯಿತು. ಖೋಲಿ ಸುಣ್ಣ ಬಳಿಸಿ, ಎಂಟು ದಿನಕ್ಕೆ ಬಂದು ಹೆಂಡತಿ ಮಗಳನ್ನು ಕರೆದೊಯ್ಯುತ್ತೇನೆ ಎಂದು ನಿಜಾಮುದ್ದೀನ ಬೇವಿನ ಬುಡಕ್ಕೆ ಹೇಳಿದ. ಸಲಾಮು ಮಾಡಿದ. ಎಂದಿನಂತೆ ಹಿಂದು ಹಿಂದಕ್ಕೆ ಕುಂಟುತ್ತ ಹೆಜ್ಜೆಯಿಡತೊಡಗಿದ. ಹಿಂದೆ ಶಿವಯೋಗೆಪ್ಪನ ತಗಡಿನ ಕುರ್ಚಿಯಿತ್ತು.

"ನಿಂದ್ರು," ಎಂದಳು ಮದೀನಾಬಿ. ಬೇವಿಗಲ್ಲ, ಅವನಿಗೇ. "ಆ ಕಡೆ ತಿರಗು."

"ಹೆಂಗ ತಿರಗಲಿ ಯವ್ವಾ? ನಿಮಗ ಬೆನ್ನ..."

"ತಿರಗಂದೆ."

ನಿಜಾಮುದ್ದೀನ ಮೆಲ್ಲಗೆ ತಿರುಗಿ ನಿಂತ, ಕಿವಿ ಕೆಂಪಾಗಿ. ಮದೀನಾಬಿ ಸೆರಗಿನಂಚಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು. ಕೂತಿದ್ದ ಗಾದಿಯ ಮೂಲೆ ಬಿಚ್ಚಿ ಒಂದು ಹಿಡಿ ಅರಳೆ ಕಿತ್ತಳು. ಹರಿದ ಅಂಗಿಯ ಬಲಪಕ್ಕೆಯಲ್ಲಿ, ಸೊಂಟದ ಮೇಲೆ ಬರುವಂತೆ, ಅರಳೆಯನ್ನು ಮಟ್ಟಸವಾಗಿ ತುಂಬಿ, ಗಾದಿಗೆ ಹಾಕುವ ಹೊಲಿಗೆಯನ್ನೇ ಒತ್ತಾಗಿ ಹಾಕಿದಳು. ಟ್ರಕ್ಕು ಇನ್ನೊಮ್ಮೆ ಹಾರ್ನು ಹೊಡೆಯಿತು. ಅವಳು ಬಾಗಿ ದಾರವನ್ನು ಹಲ್ಲಿನಿಂದ ಕಡಿದಳು.